ಸುವರ್ಣಗಡ್ಡೆ: ಸಂಗ್ರಹಣೆ ಮತ್ತು ಬೀಜಗಡ್ಡೆ

ಅರೇಸಿ ಕುಟುಂಬದ ಗಡ್ಡೆಬೆಳೆ (ಅಮಾರ್ಫೋಫ್ಯಾಲಸ್ ಪಿಯೋನಿಫೋಲಿಯಸ್). ಎಕ್ಕಂಬಿ ಸೇರಿದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಿತ್ತಿಲು, ತೋಟಗಳಿಗೆ ಒಗ್ಗಿದ್ದು. ಮಳೆಗಾಲಕ್ಕೆ ಮುನ್ನ ನೆಟ್ಟ ಗಡ್ಡೆ 8–9 ತಿಂಗಳಲ್ಲಿ ಬಲಿಯುತ್ತದೆ. ಎಲೆ ಹಳದಿಯಾಗಿ ದಂಟು ಬಾಗುವುದೇ ಅದರ ಗುರುತು.

ಸಂಗ್ರಹಣೆ: ಗಾಯವಾಗದಂತೆ ಅಗೆದು, ಮಣ್ಣು ಕೊಡವಿ, ಗಾಳಿಯಾಡುವ ನೆರಳಿನಲ್ಲಿ ಒಂದೇ ಪದರವಾಗಿ ಹರಡಬೇಕು. ಪೆಟ್ಟು ಬಿದ್ದವು ಬೇಗ ಕೊಳೆಯುವುದರಿಂದ ಅವನ್ನು ಮೊದಲು ಅಡುಗೆಗೆ ಬಳಸಬೇಕು. ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ತರುವ ತುರಿಕೆಯನ್ನು ತಗ್ಗಿಸಲು ಹುಣಸೆಹುಳಿ ಹಾಕಿ ಬೇಯಿಸುತ್ತಾರೆ.

ಬೀಜಗಡ್ಡೆ: ಅಗೆದ ಗಡ್ಡೆ ಕೆಲವು ತಿಂಗಳು ಸುಪ್ತವಾಗಿದ್ದು ಆಮೇಲೆ ಮೊಳೆಯುತ್ತದೆ. ರೋಗವಿಲ್ಲದ ಗಡ್ಡೆಯನ್ನು 500–750 ಗ್ರಾಂ ತೂಕದ ಹೋಳುಗಳಾಗಿ, ಪ್ರತಿಯೊಂದರಲ್ಲೂ ನಡುಮೊಗ್ಗಿನ ಅಂಶ ಉಳಿಯುವಂತೆ ಕತ್ತರಿಸಬೇಕು. ಸಗಣಿ ಬಗ್ಗಡದಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ ನೆಡುವುದು ರೂಢಿ.