ಡಚ್ಚರದಲ್ಲದ ಡಚ್ ಬೇಬಿ

ಜೂನ್ ತಿಂಗಳ ಒಂದು ಭಾನುವಾರ, ಡಮ್ ಡಮ್‌ನ ನಮ್ಮ ಫ್ಲಾಟಿನಲ್ಲಿ ಮಗಳು ‘ಡಚ್ ಬೇಬಿ’ ಮಾಡೋಣವೆಂದು ಹಟ ಹಿಡಿದಳು. ಮೂರು ಮೊಟ್ಟೆ, ಅರ್ಧ ಕಪ್ ಮೈದಾ, ಅರ್ಧ ಕಪ್ ಹಾಲು, ಚಿಟಿಕೆ ಉಪ್ಪು. ನೀರುದೋಸೆ ಹಿಟ್ಟಿಗಿಂತ ತುಸು ಗಟ್ಟಿ. ಓವನ್ನು 220 ಡಿಗ್ರಿಗೆ ಕಾದು, ಕಬ್ಬಿಣದ ಬಾಣಲೆಯಲ್ಲಿ ಬೆಣ್ಣೆ ನೊರೆಯಾಡುವಾಗ ಹಿಟ್ಟು ಸುರಿದು ಬಾಗಿಲು ಮುಚ್ಚಿದೆವು. ಇದಕ್ಕೆ ಸೋಡಾ ಬೇಡ, ಯೀಸ್ಟ್ ಬೇಡ. ಹಿಟ್ಟಿನ ನೀರು ಆವಿಯಾಗಿ ಮೇಲೆ ನುಗ್ಗುತ್ತದೆ, ಮೊಟ್ಟೆ ಅದನ್ನು ಹಿಡಿದಿಟ್ಟು ಗಟ್ಟಿಯಾಗುತ್ತದೆ. ಇಪ್ಪತ್ತು ನಿಮಿಷಕ್ಕೆ ಅಂಚೆಲ್ಲ ಎದ್ದು ನಿಂತಿತು. ಹೊರತೆಗೆದ ಕೂಡಲೇ ಕುಸಿಯಿತು. ಮಗಳ ಮುಖ ಬಾಡಿತು. ಆದರೆ ಕುಸಿಯುವುದೇ ಇದರ ಸ್ವಭಾವ. ಆ ಕುಳಿಯೇ ಹಣ್ಣಿಗೆ ಜಾಗ. ಹಿಮಸಾಗರ ಮಾವು, ಲಿಚಿ ತುಂಬಿ ನಿಂಬೆ ಹಿಂಡಿದೆವು.

“ಚುಚುರಾದ ಡಚ್ಚರು ಇದನ್ನೇ ತಿನ್ನುತ್ತಿದ್ದರಾ ಅಪ್ಪಾ?”

ಪ್ರಶ್ನೆ ಸಹಜವೇ. ಡಮ್ ಡಮ್ ಜಂಕ್ಷನ್‌ನಲ್ಲಿ ಲೋಕಲ್ ಹತ್ತಿ ನೈಹಾಟಿಯಲ್ಲಿ ಇಳಿದು ದೋಣಿಯಲ್ಲಿ ಹೂಗ್ಲಿ ದಾಟಿದರೆ ಚುಚುರಾ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ ಅಲ್ಲಿಂದ ರೇಷ್ಮೆ, ಬಟ್ಟೆ, ಪೆಟ್ಲುಪ್ಪು, ಅಫೀಮು ಸಾಗಿಸುತ್ತಿತ್ತು. ನಮ್ಮ ಬಸರೂರಿನಲ್ಲಿ ಕೋಠಿ ಇಟ್ಟು ಅಕ್ಕಿ ಕೊಳ್ಳುತ್ತಿದ್ದದ್ದೂ ಇದೇ ಕಂಪನಿ. 1824ರ ಒಪ್ಪಂದದ ಪ್ರಕಾರ ಚುಚುರಾ 1825ರಲ್ಲಿ ಇಂಗ್ಲಿಷರ ಕೈಸೇರಿತು. ಡಚ್ಚರ ಗೋರಿಗಳು ಇನ್ನೂ ಇವೆ. ಬಂಗಾಳಿಗಳು ಇಸ್ಪೀಟಾಡುವಾಗ ಕೂಗುವ ಹೊರತನ್, ರುಯಿತನ್, ಇಸ್ಕಾಪನ್ ಕೂಡ ಡಚ್ ಮಾತುಗಳೇ.

ಆದರೆ ಈ ತಿಂಡಿ ಅವರದಲ್ಲ. ಡಚ್ಚರ ಪಾನೆಕೂಕ್ ಒಲೆಯ ಮೇಲೆ ಬೇಯುವ ಚಪ್ಪಟೆ ದೋಸೆ. ಅವರ ಪೊಫರ್ಟ್ಯೆಸ್ ಅಂತೂ ಗುಳಿಗಳಿರುವ ಕಬ್ಬಿಣದ ಕಾವಲಿಯಲ್ಲಿ ಹುಳಿಬಂದ ಹಿಟ್ಟು ಹೊಯ್ದು ಮಾಡುವುದು. ನೋಡಿದರೆ ನಮ್ಮ ಪಡ್ಡಿನ ಸೋದರತ್ತೆ ಮಗಳು ಅನ್ನಬೇಕು. ಓವನ್ನಿನಲ್ಲಿ ಉಬ್ಬುವ ಈ ದೋಸೆ ಜರ್ಮನ್ನರ ಫಾನ್‌ಕೂಖೆನ್ ವಂಶದ್ದು. ಹೆಸರು ಬಂದದ್ದು ಅಮೆರಿಕದ ಸಿಯಾಟಲ್‌ನಲ್ಲಿ, ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಮಾಂಕಾ ಎಂಬ ಕುಟುಂಬ ನಡೆಸುತ್ತಿದ್ದ ಕೆಫೆಯಿಂದ. ಮಾಲೀಕ ವಿಕ್ಟರ್ ಮಾಂಕಾನ ಮಗಳೊಬ್ಬಳ ಬಾಯಲ್ಲಿ ‘ಡಾಯ್ಚ್’ ಎಂಬುದು ‘ಡಚ್’ ಆಯಿತೆಂದು ಕತೆ. ಕತೆಯ ಹಿಂದೆ ಇನ್ನೂ ಹಳೆಯ ಸತ್ಯವೊಂದಿದೆ: ಎರಡೂ ಪದಗಳ ಬೇರು ಒಂದೇ, ‘ಜನರದು’ ಎಂಬರ್ಥದ್ದು. ಒಂದು ಕಾಲದಲ್ಲಿ ಇಂಗ್ಲಿಷರು ಜರ್ಮನ್ನರನ್ನೂ ಡಚ್ಚರೆಂದೇ ಕರೆಯುತ್ತಿದ್ದರು. ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದ ಜರ್ಮನ್ನರು ಇಂದಿಗೂ ‘ಪೆನ್ಸಿಲ್ವೇನಿಯಾ ಡಚ್’.

ಮಾಡದ ತಿಂಡಿಗೆ ಡಚ್ಚರಿಗೆ ಹೆಸರು ಸಿಕ್ಕಿತು. ನಮ್ಮ ಡಮ್ ಡಮ್‌ಗೆ ಅಂಥ ಅದೃಷ್ಟವಿರಲಿಲ್ಲ. 1890ರ ದಶಕದಲ್ಲಿ ಇಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಬ್ರಿಟಿಷರು ಮೈಯೊಳಗೆ ಹೊಕ್ಕು ಅರಳಿಕೊಳ್ಳುವ ಗುಂಡು ತಯಾರಿಸಿದರು. ಅದನ್ನು ಲೋಕವೆಲ್ಲ ‘ಡಮ್ ಡಮ್’ ಎಂದು ಕರೆಯಿತು. ಅಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲಿ ಘೋಷಣೆಯಾದದ್ದು ಡಚ್ಚರ ಹೇಗ್ ನಗರದಲ್ಲಿ! ಇಲ್ಲಿ ಮೀನು ಕೊಂಡು, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಜನರನ್ನು ಆ ಹೆಸರಿಡುವಾಗ ಯಾರೂ ಕೇಳಲಿಲ್ಲ.

ಇದನ್ನೆಲ್ಲ ಮಗಳಿಗೆ ಉತ್ಸಾಹದಿಂದ ವಿವರಿಸುತ್ತಿದ್ದೆ. ಅವಳು ಮಾವಿನ ಹೋಳು ನುಂಗಿ ಕೇಳಿದಳು: “ಹಾಗಾದ್ರೆ ನಮ್ಮನ್ನ ಮದ್ರಾಸಿ ಅಂದ್ರೆ ನೀನು ಯಾಕೆ ಹೂಂ ಅಂತೀಯ?”

ನನ್ನ ಬಳಿ ಉತ್ತರವಿರಲಿಲ್ಲ. ಮೊದಮೊದಲು ತಿದ್ದುತ್ತಿದ್ದೆ. ‘ಕನ್ನಡ’ ಎಂದರೆ ‘ಕೆನಡಾ?’ ಎನ್ನುತ್ತಿದ್ದರು. ಆಮೇಲೆ ಸುಸ್ತಾಗಿ ತಲೆಯಾಡಿಸುವುದನ್ನು ಕಲಿತೆ. ಯಾರಿಗೂ ದ್ವೇಷವಿರಲಿಲ್ಲ, ನನಗೂ ನಷ್ಟವಾಗಲಿಲ್ಲ ಅಂದುಕೊಂಡಿದ್ದೆ. ಅವಳು ಮಾತ್ರ ಪ್ರತಿಸಲ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದಳು.

ಸಂಜೆ ಎರಡನೇ ಬಾಣಲೆ ಇಳಿಸಿ ಎದುರು ಮನೆಗೆ ಒಂದು ತಟ್ಟೆ ಕೊಟ್ಟೆವು. “ಇದು ನಿಮ್ಮ ಮದ್ರಾಸಿನ ತಿಂಡಿಯಾ?” ಎಂದರು ಅಜ್ಜಿ ಪ್ರೀತಿಯಿಂದ. ಮಗಳು ನನ್ನತ್ತ ನೋಡಿದಳು.

“ಇಲ್ಲ ಮಾಶಿಮಾ, ತಿಂಡಿ ಜರ್ಮನ್ನರದು, ಮಾವು ನಿಮ್ಮದು,” ಎಂದೆ. “ನಾವು ಕನ್ನಡದವರು. ಕರ್ನಾಟಕ.”

ಅಜ್ಜಿ ಆ ಹೆಸರನ್ನು ಎರಡು ಸಲ ಹೇಳಿ ನೋಡಿದರು. ಎರಡನೇ ಸಲ ಸರಿಯಾಗಿ ಬಂತು.