ವಿಮಾನ ಜಾಡಿನ ದತ್ತಾಂಶ ಮತ್ತು ನಿಲ್ದಾಣ ಶುಲ್ಕ

ಹಾರಾಟದಲ್ಲಿರುವ ವಿಮಾನವು ತನ್ನ ಗುರುತು, ಸ್ಥಾನ, ಎತ್ತರ ಹಾಗೂ ವೇಗವನ್ನು ರೇಡಿಯೊ ಸಂಕೇತವಾಗಿ ತಾನಾಗಿಯೇ ಬಿತ್ತರಿಸುವ ಎಡಿಎಸ್-ಬಿ ಎಂಬ ವ್ಯವಸ್ಥೆಯಿಂದ ದೊರೆಯುವ ಮಾಹಿತಿಯೇ ಜಾಡಿನ ದತ್ತಾಂಶ. 1090 ಮೆಗಾಹರ್ಟ್ಸ್ ಆವರ್ತನದಲ್ಲಿ ಗೂಢಲಿಪಿಯಿಲ್ಲದೆ ಹೊರಡುವ ಈ ಸಂಕೇತವನ್ನು ಅಗ್ಗದ ಗ್ರಾಹಕ ಯಂತ್ರವುಳ್ಳ ಯಾರಾದರೂ ಹಿಡಿಯಬಹುದಾಗಿದ್ದು, ಅದರೊಳಗಿನ 24 ಬಿಟ್‌ಗಳ ವಿಶಿಷ್ಟ ಸಂಖ್ಯೆಯಿಂದ ವಿಮಾನದ ನೋಂದಣಿಯನ್ನೂ, ಆ ಮೂಲಕ ಮಾಲೀಕರನ್ನೂ ಗುರುತಿಸಲು ಸಾಧ್ಯವಾಗುತ್ತದೆ.

ಉದಾಹರಣೆಗೆ ಕಲಬುರಗಿಯನ್ನು ನೋಡಬಹುದು: ಶ್ರೀನಿವಾಸ ಸರಡಗಿಯ ಬಳಿ 2019ರ ನವೆಂಬರ್ 22ರಂದು ಉದ್ಘಾಟನೆಗೊಂಡ ಕಲಬುರಗಿ ವಿಮಾನ ನಿಲ್ದಾಣವನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ನಡೆಸುತ್ತಿದ್ದು, 2021ರಲ್ಲಿ ಇಲ್ಲಿ ಎರಡು ಹಾರಾಟ ತರಬೇತಿ ಸಂಸ್ಥೆಗಳಿಗೆ ಅವಕಾಶ ನೀಡಲಾಯಿತು. ಎಡಿಎಸ್-ಬಿ ಉಪಕರಣವುಳ್ಳ ವಿಮಾನವು ನಗರದ ಮೇಲೆ ಸಾಕಷ್ಟು ಎತ್ತರದಲ್ಲಿ ಹಾರುತ್ತಿದ್ದು ದೃಷ್ಟಿರೇಖೆಗೆ ಅಡ್ಡಿಯಿಲ್ಲದಿದ್ದರೆ, ಕಲಬುರಗಿ ಜಿಲ್ಲೆಯ ಕಮಲಾಪುರದ ಮನೆಯೊಂದರ ಮಾಳಿಗೆಯ ಮೇಲಿಂದಲೂ ಅದರ ಜಾಡು ತಿಳಿಯಬಹುದು.

ನಿಲ್ದಾಣವನ್ನು ಬಳಸುವ ವಿಮಾನಗಳಿಂದ ಪಡೆಯುವ ಇಳಿಯುವಿಕೆಯ ಶುಲ್ಕವನ್ನು ವಿಮಾನದ ತೂಕದಂತೆ, ನಿಲುಗಡೆ ಶುಲ್ಕವನ್ನು ತೂಕ ಮತ್ತು ಕಾಲಾವಧಿಯಂತೆ ಲೆಕ್ಕಹಾಕುವುದು ವಾಡಿಕೆ. ವಿಮಾನ ನಿಲ್ದಾಣ ಆರ್ಥಿಕ ನಿಯಂತ್ರಣ ಪ್ರಾಧಿಕಾರದ ದರ ನಿರ್ಣಯವು ವರ್ಷಕ್ಕೆ 35 ಲಕ್ಷಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಪ್ರಮುಖ ನಿಲ್ದಾಣಗಳಿಗೆ ಸಂಬಂಧಿಸಿದ್ದರಿಂದ ಕಲಬುರಗಿ ಅದರ ಹೊರಗಿದೆ. ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳ ವಿಮಾನಗಳಿಗೆ ಇಳಿಯುವಿಕೆಯ ಶುಲ್ಕದಿಂದ ವಿನಾಯಿತಿ ನೀಡುವ ಪದ್ಧತಿಯೂ ಇದೆ.

ಅಮೆರಿಕದ ಕೆಲವು ನಿಲ್ದಾಣಗಳು ಜಾಡಿನ ದತ್ತಾಂಶವನ್ನೇ ಆಧರಿಸಿ ಶುಲ್ಕ ವಸೂಲಿ ಮಾಡತೊಡಗಿದಾಗ, ಸುರಕ್ಷತೆಗೆಂದು ಅಳವಡಿಸಿದ ಸಾಧನವು ಬಿಲ್ಲಿನ ಸಾಧನವಾಗುತ್ತಿದೆ ಎಂದು ಖಾಸಗಿ ಪೈಲಟ್‌ಗಳು ಆಕ್ಷೇಪಿಸಿದರು. ಮಾಲೀಕರ ವೈಯಕ್ತಿಕ ವಿವರಗಳನ್ನು ಕೋರಿಕೆಯ ಮೇರೆಗೆ ಮರೆಮಾಡುವ ವ್ಯವಸ್ಥೆಗೆ ಅಲ್ಲಿನ 2024ರ ವಿಮಾನಯಾನ ಕಾಯ್ದೆ ಎಡೆಮಾಡಿತು. ಇತ್ತ ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ.