ಹೈಡ್ರೋಕ್ಲೋರಿಕ್ ಆಮ್ಲದ ರಾಸಾಯನಿಕ ಕ್ರಿಯೆಗಳು

ಹೈಡ್ರೋಜನ್ ಕ್ಲೋರೈಡ್ ಅನಿಲ ನೀರಿನಲ್ಲಿ ಕರಗಿದಾಗ ದೊರೆಯುವ ಪ್ರಬಲ ಆಮ್ಲವೇ ಹೈಡ್ರೋಕ್ಲೋರಿಕ್ ಆಮ್ಲ. ಹಳೆಯ ಹೆಸರು ಮುರಿಯಾಟಿಕ್ ಆಮ್ಲ. ಪ್ರಯೋಗಾಲಯಕ್ಕೆ ಬರುವ ಸಾಂದ್ರ ಆಮ್ಲದಲ್ಲಿ ತೂಕದ ಸುಮಾರು ಶೇ. 37 ಭಾಗ ಈ ಅನಿಲವಿರುತ್ತದೆ. ಮುಚ್ಚಳ ತೆರೆದೊಡನೆ ಹೊಗೆಯಾಡಿ ಮೂಗಿಗೆ ಅಡರುವುದು ಅದೇ. ನಮ್ಮ ಜಠರರಸದಲ್ಲಿರುವುದೂ ಇದೇ ಆಮ್ಲ, ತೀರ ತೆಳುವಾಗಿ.

ನೀರಿನಲ್ಲಿ ಇದರ ಅಣುಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಒಡೆದು ಹೈಡ್ರೋಜನ್ ಅಯಾನು ಮತ್ತು ಕ್ಲೋರೈಡ್ ಅಯಾನುಗಳಾಗುತ್ತವೆ. ಬಹುತೇಕ ಕ್ರಿಯೆಗಳಲ್ಲಿ ದುಡಿಯುವುದು ಹೈಡ್ರೋಜನ್ ಅಯಾನು, ಕ್ಲೋರೈಡ್ ಸುಮ್ಮನಿರುತ್ತದೆ. ಕ್ಲೋರೈಡ್ ಸುಮ್ಮನಿರದ ಕೆಲವು ಸಂದರ್ಭಗಳೇ ಈ ಆಮ್ಲವನ್ನು ಉಳಿದವುಗಳಿಂದ ಬೇರೆಯಾಗಿಸುತ್ತವೆ.

ಲೋಹಗಳೊಡನೆ: ಸತು, ಕಬ್ಬಿಣ, ಮೆಗ್ನೀಸಿಯಂಗಳಂಥ ಚುರುಕು ಲೋಹಗಳು ಆಮ್ಲದಲ್ಲಿ ಕರಗಿ ಕ್ಲೋರೈಡ್ ಲವಣವಾಗುತ್ತವೆ, ಹೈಡ್ರೋಜನ್ ಗುಳ್ಳೆಗಳಾಗಿ ಹೊರಬೀಳುತ್ತದೆ. ಲೋಹ ಮತ್ತು ಆಮ್ಲಗಳಿಂದ ಹೀಗೆ ಹೊಮ್ಮುವ ಉರಿಯುವ ಗಾಳಿಯನ್ನು ಹೆನ್ರಿ ಕ್ಯಾವೆಂಡಿಶ್ 1766ರಲ್ಲಿ ಪ್ರತ್ಯೇಕ ವಸ್ತುವೆಂದು ವಿವರಿಸಿದ. 65.4 ಗ್ರಾಂ ಸತು ಪೂರ್ಣವಾಗಿ ಕರಗಿದರೆ ಸುಮಾರು 2 ಗ್ರಾಂ ಹೈಡ್ರೋಜನ್ ಸಿಗುತ್ತದೆ. ಕಬ್ಬಿಣದಿಂದ ಬರುವುದು ತಿಳಿಹಸಿರಿನ ಫೆರಸ್ ಕ್ಲೋರೈಡ್, ಫೆರಿಕ್ ಅಲ್ಲ. ಹೈಡ್ರೋಜನ್ ಅಯಾನಿಗೆ ಕಬ್ಬಿಣವನ್ನು ಅಷ್ಟು ದೂರ ಉತ್ಕರ್ಷಿಸುವ ಶಕ್ತಿಯಿಲ್ಲ. ತುಕ್ಕಿನಲ್ಲಿ ಕಬ್ಬಿಣ ಆಗಲೇ ಫೆರಿಕ್ ಸ್ಥಿತಿಯಲ್ಲಿರುವುದರಿಂದ ಅದು ಕರಗಿದಾಗ ಮಾತ್ರ ಹಳದಿ-ಕಂದು ಬಣ್ಣದ ಫೆರಿಕ್ ಕ್ಲೋರೈಡ್ ಬರುತ್ತದೆ. ಅಲ್ಯೂಮಿನಿಯಂ ಮೊದಲು ಸುಮ್ಮನಿದ್ದಂತೆ ಕಾಣುತ್ತದೆ. ಮೇಲಿನ ಆಕ್ಸೈಡ್ ಪೊರೆ ಕರಗಿದ ಮೇಲೆ ಅದರ ರಭಸ ತಡೆಯುವುದು ಕಷ್ಟ. ಸೀಸದ ಮೇಲೆ ಕರಗದ ಕ್ಲೋರೈಡಿನ ಪದರ ಕೂಡಿ ಕ್ರಿಯೆ ಕುಂಟುತ್ತದೆ.

ತಾಮ್ರ, ಬೆಳ್ಳಿ, ಚಿನ್ನ ಹೈಡ್ರೋಜನನ್ನು ಹೊರದೂಡಲಾರವು. ಆದರೆ ತಾಮ್ರದ ಮೇಲಿನ ಕಿಲುಬು ಮತ್ತು ಆಕ್ಸೈಡ್ ಆಮ್ಲದಲ್ಲಿ ಕರಗುತ್ತವೆ. ಹುಣಸೆಹಣ್ಣು ತಿಕ್ಕಿದ ಚೆಂಬು ಹೊಳೆಯುವುದರ ಹಿಂದೆಯೂ, ಆಮ್ಲ ಬೇರೆಯಾದರೂ, ಇದೇ ತತ್ತ್ವವಿದೆ. ಚಿನ್ನಕ್ಕೆ ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲ ಸೇರಿದ ಅಕ್ವಾ ರೀಜಿಯಾ ಬೇಕು. ನೈಟ್ರಿಕ್ ಆಮ್ಲ ಚಿನ್ನವನ್ನು ಉತ್ಕರ್ಷಿಸಿದೊಡನೆ ಕ್ಲೋರೈಡ್ ಅದನ್ನು ಸುತ್ತುವರಿದು ದ್ರಾವಣದಲ್ಲೇ ಹಿಡಿದಿಡುತ್ತದೆ. 1940ರಲ್ಲಿ ಜರ್ಮನ್ ಸೇನೆ ಕೋಪನ್‌ಹೇಗನ್ ಹೊಕ್ಕಾಗ ಜಾರ್ಜ್ ಡಿ ಹೆವೆಸಿ ಎಂಬ ರಸಾಯನವಿಜ್ಞಾನಿ, ಭೌತವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಅವರ ನೊಬೆಲ್ ಪದಕಗಳನ್ನು ಇದರಲ್ಲಿ ಕರಗಿಸಿ ಬಚ್ಚಿಟ್ಟ. ಯುದ್ಧ ಮುಗಿದ ಮೇಲೆ ಆ ಚಿನ್ನದಿಂದಲೇ ಪದಕಗಳನ್ನು ಮರಳಿ ಎರಕ ಹೊಯ್ದರು.

ಪ್ರತ್ಯಾಮ್ಲಗಳೊಡನೆ: ಇಲ್ಲಿ ಹೇಳಬೇಕಾದದ್ದು ಕಡಿಮೆ. ಹೈಡ್ರೋಜನ್ ಅಯಾನು ಹೈಡ್ರಾಕ್ಸೈಡಿನೊಡನೆ ಕೂಡಿ ನೀರಾಗುತ್ತದೆ, ಲವಣ ಉಳಿಯುತ್ತದೆ. ಸೋಡಿಯಂ ಹೈಡ್ರಾಕ್ಸೈಡಿನಿಂದ ಅಡುಗೆ ಉಪ್ಪು. ಪ್ರತಿ ಮೋಲಿಗೆ ಸುಮಾರು 57 ಕಿಲೋಜೂಲ್ ಶಾಖ. ಎದೆಯುರಿಗೆ ಕುಡಿಯುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಔಷಧ ಹೊಟ್ಟೆಯಲ್ಲಿ ಮಾಡುವುದೂ ಈ ತಟಸ್ಥೀಕರಣವನ್ನೇ. ಅಮೋನಿಯಾಗೆ ಹೈಡ್ರಾಕ್ಸೈಡಿನ ಹಂಗೂ ಇಲ್ಲ: ಎರಡು ಅನಿಲಗಳು ಗಾಳಿಯಲ್ಲಿ ಸಂಧಿಸಿದರೆ ಸಾಕು, ನವಸಾಗರದ ಬಿಳಿ ಹೊಗೆ ಏಳುತ್ತದೆ.

ಲವಣಗಳೊಡನೆ: ಕ್ರಿಯೆ ನಡೆಯುವುದೋ ಇಲ್ಲವೋ ಎಂಬುದನ್ನು ಒಂದು ಪ್ರಶ್ನೆ ಬಹುಪಾಲು ತೀರ್ಮಾನಿಸುತ್ತದೆ: ಅನಿಲವಾಗಿ, ಪ್ರಕ್ಷೇಪವಾಗಿ ಅಥವಾ ದುರ್ಬಲ ಆಮ್ಲವಾಗಿ ಏನಾದರೂ ಕಣದಿಂದ ಹೊರಹೋಗುವುದೇ? ಪೊಟ್ಯಾಸಿಯಂ ನೈಟ್ರೇಟಿನ ತೆಳು ದ್ರಾವಣಕ್ಕೆ ಆಮ್ಲ ಸುರಿದರೆ ಅಯಾನುಗಳು ಬೆರೆತಿರುತ್ತವೆ, ಅಷ್ಟೇ. ಸೋಡಿಯಂ ಅಸಿಟೇಟಿನಿಂದ ವಿನೆಗರಿನ ವಾಸನೆ ಬರುತ್ತದೆ, ಫೆರಸ್ ಸಲ್ಫೈಡಿನಿಂದ ಕೊಳೆತ ಮೊಟ್ಟೆಯ ನಾತದ, ವಿಷಕಾರಿಯಾದ ಹೈಡ್ರೋಜನ್ ಸಲ್ಫೈಡ್. ಕಾರ್ಬೊನೇಟುಗಳು ಇಂಗಾಲದ ಡೈಆಕ್ಸೈಡನ್ನು ನೊರೆನೊರೆಯಾಗಿ ಬಿಡುತ್ತವೆ. ಭೂವಿಜ್ಞಾನಿಗಳು ತೆಳು ಆಮ್ಲದ ಸೀಸೆ ಹೊತ್ತು ತಿರುಗುವುದು ಇದಕ್ಕೇ: ಸುಣ್ಣಕಲ್ಲು ಹನಿ ಬಿದ್ದೊಡನೆ ನೊರೆಗರೆಯುತ್ತದೆ, ಡಾಲೊಮೈಟ್ ಪುಡಿಯಾಗಿದ್ದರೆ ಮಾತ್ರ ಚೆನ್ನಾಗಿ. ಕಲಬುರಗಿಯ ಶಹಾಬಾದ್ ಕಲ್ಲು ಸುಣ್ಣಕಲ್ಲೇ ಆದ್ದರಿಂದ ಆ ನೆಲವನ್ನು ಆಸಿಡ್ ಹಾಕಿ ತೊಳೆದರೆ ಕೊಳೆಯ ಜೊತೆ ಕಲ್ಲೂ ಕರಗುತ್ತದೆ. ಗ್ರಾನೈಟಿಗೆ ಈ ಭಯ ಬಹಳ ಕಡಿಮೆ.

ಕ್ಲೋರೈಡ್ ಮುಂದೆ ಬರುವುದು ಬೆಳ್ಳಿ, ಸೀಸ, ಮರ್ಕ್ಯೂರಸ್ ಲವಣಗಳೆದುರು. ಮೂರೂ ಬಿಳಿ ಪ್ರಕ್ಷೇಪ ಕೊಡುತ್ತವೆ. ಸೀಸದ್ದು ಬಿಸಿನೀರಿನಲ್ಲಿ ಕರಗುತ್ತದೆ, ಬೆಳ್ಳಿಯದು ಅಮೋನಿಯಾದಲ್ಲಿ ಕರಗುತ್ತದೆ, ಮರ್ಕ್ಯೂರಸಿನದು ಅಮೋನಿಯಾ ತಾಗಿ ಕಪ್ಪಾಗುತ್ತದೆ. ಲವಣ ವಿಶ್ಲೇಷಣೆಯ ಮೊದಲ ಗುಂಪು ನಿಂತಿರುವುದು ಇವುಗಳ ಮೇಲೆ.

ಕೆಲವು ವಸ್ತುಗಳು ಕ್ಲೋರೈಡನ್ನೇ ಉತ್ಕರ್ಷಿಸುತ್ತವೆ. 1774ರಲ್ಲಿ ಕಾರ್ಲ್ ಶೀಲೆ ಈ ಆಮ್ಲವನ್ನು ಮ್ಯಾಂಗನೀಸ್ ಡೈಆಕ್ಸೈಡಿನೊಡನೆ ಕಾಯಿಸಿ ಕ್ಲೋರಿನ್ ಪಡೆದ. ಅದು ಧಾತುವೆಂದು 1810ರಲ್ಲಿ ಸಾರಿದವನು ಹಂಫ್ರಿ ಡೇವಿ. ಬ್ಲೀಚಿಂಗ್ ಪೌಡರಿಗೆ ಆಮ್ಲ ತಾಗಿದರೆ ಕಾಯಿಸದೆಯೇ ಅದೇ ವಿಷಾನಿಲ ಏಳುತ್ತದೆ. ಶೌಚಾಲಯ ತೊಳೆಯುವ ಹಲವು ದ್ರಾವಣಗಳಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೇ; ಅವನ್ನೂ ಬ್ಲೀಚಿಂಗ್ ಪೌಡರನ್ನೂ ಎಂದಿಗೂ ಒಟ್ಟಿಗೆ ಬಳಸಬಾರದು.